ನಿಂತು ಕೇಳಿದ ಕೌಲು

ಸುಗಲಾಬಾಯಿಗೆ ಸಿಟ್ಟು ಜಾಸ್ತಿ ಎಂಬುದರಲ್ಲಿ ತಡವಳದ ಯಾರಿಗೂ ಅನುಮಾನವಿರಲಿಲ್ಲ. ಆಕೆಗೆ ಬಿಪಿ ಬಂದದ್ದು ಆ ಸಿಟ್ಟಿನಿಂದಲೇ ಎಂದು ಊರು ತಾನೇ ತೀರ್ಮಾನಿಸಿತ್ತು, ತಾನೇ ಔಷಧವನ್ನೂ ಹೇಳಿತ್ತು: ಬಾಯಿ ಮುಚ್ಚಿಕೊಂಡಿರಬೇಕು. ಗಂಡ ಸಿದ್ರಾಮ ಆ ಔಷಧವನ್ನು ದಿನಾ ಬೆಳಿಗ್ಗೆ ಚಹಾದ ಜೊತೆ ಕೊಡುತ್ತಿದ್ದ. ನೀರಿಗೆ ಬಂದ ಹೆಂಗಸರು, ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನದಲ್ಲಿ ಬರುವುದಿಲ್ಲವೆಂದು ಗಾದೆ ಹೇಳುತ್ತಿದ್ದರು. ಆಕೆ ಇದುವರೆಗೆ ಯಾರ ಮೂಗನ್ನೂ ಕೊಯ್ದವಳಲ್ಲ. ಕೊಯ್ದಿದ್ದರೆ ಊರಲ್ಲಿ ಕೆಲವರ ಮುಖ ಬೇರೆ ಥರ ಕಾಣುತ್ತಿತ್ತು.

ಸೊಲ್ಲಾಪುರದ ವಿಜಾಪುರ ರಸ್ತೆಯ ಡಾಕ್ಟರೊಬ್ಬರ ಹತ್ತಿರ ಸಿದ್ರಾಮ ಆಕೆಯನ್ನು ಕರೆದುಕೊಂಡು ಹೋಗಿದ್ದ. ಅವರು ಆಕೆಯ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಅಂಕಿ ನೋಡಿ ಹುಬ್ಬೇರಿಸಿದರು. ಆಮೇಲೆ ಆಕೆಯನ್ನು ಬಿಟ್ಟು ಸಿದ್ರಾಮನ ಕಡೆ ತಿರುಗಿ, ಇವರಿಗೆ ಮನೆಯಲ್ಲಿ ಸಿಟ್ಟು ಹೆಚ್ಚೇನು ಎಂದು ಮರಾಠಿಯಲ್ಲಿ ಕೇಳಿದರು. ಕೇಳಲೇಬೇಡಿ ಎಂದು ಸಿದ್ರಾಮ ನಕ್ಕ. ಡಾಕ್ಟರೂ ನಕ್ಕರು. ನಡುವೆ ಸ್ಟೂಲಿನ ಮೇಲೆ ಸುಗಲಾಬಾಯಿ ಕೂತಿದ್ದಳು. ಉಪ್ಪು ಬಿಡಿ, ಟೆನ್ಶನ್ ಬಿಡಿ, ಸಿಟ್ಟು ಬಿಡಿ ಎಂದು ಅವರು ಚೀಟಿ ಬರೆದುಕೊಟ್ಟರು. ಉಪ್ಪು ಬಿಡಬಹುದು. ಉಳಿದೆರಡನ್ನು ಎಲ್ಲಿ ಬಿಟ್ಟು ಬರಬೇಕೆಂದು ಅವರು ಹೇಳಲಿಲ್ಲ.

ಗಂಡಸಿಗೆ ಸಿಟ್ಟು ಬಂದರೆ ಯಾಕೆ ಬಂತು, ಯಾರು ಏನಂದರು ಎಂದು ಹತ್ತು ಜನ ಕೇಳುತ್ತಾರೆ. ಹೆಂಗಸಿಗೆ ಬಂದರೆ ಅದು ರೋಗ. ಲೋಕದ ಈ ನ್ಯಾಯ ಸುಗಲಾಬಾಯಿಗೆ ಆ ಸ್ಟೂಲಿನ ಮೇಲೆ ಕೂತಾಗಲೇ ಹೊಳೆದದ್ದಲ್ಲ, ಮೊದಲಿನಿಂದ ಗೊತ್ತಿತ್ತು. ಅವತ್ತು ಮಾತ್ರ ಅದು ಮೈಗೆ ಕಚ್ಚಿತು.

ಆಕೆಯ ಕಾಯಿಲೆ ಬಂದು ಹೋಗುವ ಜಾತಿಯದು. ಬಲಗಡೆ ಪಕ್ಕೆಲುಬಿನ ಕೆಳಗಿನಿಂದ ಏನೋ ಏರಿ ಬಂದಂತಾಗುತ್ತಿತ್ತು. ಎದೆ ಡೊಳ್ಳಿನಂತೆ ಬಡಿದುಕೊಳ್ಳುತ್ತಿತ್ತು, ತಲೆ ಸಿಡಿಯುತ್ತಿತ್ತು, ಮುಖ ಬೂದಿಯ ಬಣ್ಣಕ್ಕೆ ತಿರುಗಿ ಕುಬಸವೆಲ್ಲ ತಣ್ಣನೆಯ ಬೆವರಿನಲ್ಲಿ ತೊಯ್ಯುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಅದರ ಜೊತೆಗೆ ಬರುವ ಭಯ. ಯಾರೂ ಇಲ್ಲ, ಏನೂ ಆಗಿಲ್ಲ, ಆದರೂ ಈಗ ಸತ್ತೆ ಎನ್ನುವ ಭಯ. ಸ್ವಲ್ಪ ಹೊತ್ತಿಗೆ ಎಲ್ಲ ಇಳಿದು ಆಕೆ ಹಿಂಡಿಟ್ಟ ಅರಿವೆಯಂತೆ ಬಿದ್ದಿರುತ್ತಿದ್ದಳು.

ಅದು ಮೊದಲ ಸಲ ಬಂದದ್ದು ಬಿರೋಬಾನ ಗುಡಿಯಲ್ಲಿ. ಅಲ್ಲೇ ಎಲ್ಲ ಕೆಟ್ಟಿತು.

ಸಿದ್ರಾಮನದು ಕುರಿ ಸಾಕುವ ಮನೆತನ. ಊರ ಹೊರಗಿನ ದಿನ್ನೆಯ ಮೇಲಿರುವ ಬಿರೋಬಾನ ಪೂಜೆ ಅವನ ಪಾಲಿಗೆ ಬಂದಿತ್ತು. ಆ ಮನೆಯವರು ದೇವರಿಗೆ ಅಡ್ಡಬೀಳುವುದಕ್ಕೆ ಒಂದು ಕ್ರಮವಿದೆ. ಉಣ್ಣೆಯ ದಟ್ಟಿಯನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಳ್ಳಬೇಕು. ಮೊಣಕಾಲು ಮಡಚಿ, ತೊಡೆ ಹೊಟ್ಟೆಗೆ ಒತ್ತುವಂತೆ ಬಾಗಿ ಹಣೆಯನ್ನು ಕಲ್ಲಿಗೆ ತಾಗಿಸಬೇಕು. ಪೂಜಾರಿ ಬೆನ್ನ ಮೇಲೆ ಭಂಡಾರದ ಅರಿಶಿನ ಎರಚಿ 'ಏಳು' ಅನ್ನುವವರೆಗೆ ಏಳಬಾರದು. ಒಂದು ಐತವಾರ ಸುಗಲಾಬಾಯಿ ಹಾಗೆ ಬಾಗಿದ್ದಾಗ ಅದು ಬಂತು. ಆಕೆ ನಡುಗಿದಳು, ನರಳಿದಳು, ಬೆವರಿದಳು. ಸಿದ್ರಾಮ ಒಂದು ಕ್ಷಣ ಬೆಪ್ಪಾಗಿ ನಿಂತ. ಆಮೇಲೆ ಇದ್ದ ಭಂಡಾರವನ್ನೆಲ್ಲ ಆಕೆಯ ಮೇಲೆ ಸುರಿದು ಚಾಂಗಭಲ ಎಂದು ದೇವರಿಗೆ ಜಯಕಾರ ಹಾಕಿದ. ಸುತ್ತ ಇದ್ದವರು ಕೈಮುಗಿದರು. ಬಿರೋಬಾ ಸುಗಲಾಬಾಯಿಯ ಮೈಮೇಲೆ ಬಂದಿದ್ದಾನೆ ಎಂಬ ಸುದ್ದಿ ಆಕೆ ಮನೆ ಮುಟ್ಟುವ ಮೊದಲೇ ಊರು ಮುಟ್ಟಿತು.

ಅಂದಿನಿಂದ ಐತವಾರವೆಂದರೆ ಬಾಗುವ ದಿನ. ಬಾಗಿದರೆ ತಪ್ಪದೆ ಬರುತ್ತಿತ್ತು. ಜನ ಪ್ರಶ್ನೆ ಕೇಳುತ್ತಿದ್ದರು, ಆಕೆ ನರಳುತ್ತಿದ್ದಳು, ಆ ನರಳಾಟದ ಅರ್ಥವನ್ನು ಸಿದ್ರಾಮ ಬಿಡಿಸಿ ಹೇಳುತ್ತಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರು ಏನು ಕೊಟ್ಟನೋ ಯಾರಿಗೂ ತಿಳಿಯದು, ಪೂಜಾರಿ ಮಾತ್ರ ಕೈಬಿಚ್ಚಿ ಕೊಡತೊಡಗಿದ್ದ. ಅಲ್ಲಿಯವರೆಗೆ ಚಾವಡಿ ಕಟ್ಟೆಯ ಮೇಲೆ ಯಾರೂ ಸರಿದು ಜಾಗ ಕೊಡದಿದ್ದ ಸಿದ್ರಾಮನಿಗೆ ಈಗ ಬರ್ರಿ, ಕೂಡ್ರಿ ಎನ್ನುವವರು ಹುಟ್ಟಿದರು. ಯಾರ ಜಗಳವಿದ್ದರೂ ಅವನ ಮಾತು ಬೇಕಾಯಿತು.

ಅವನು ಮೋಸಗಾರನಾಗಿರಲಿಲ್ಲ. ಆಗಿದ್ದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಿದ್ದ. ಅವನು ಮನಸಾರೆ ನಂಬಿದ್ದ. ತನಗೆ ಬೇಕಾದ ಮಾತನ್ನೇ ದೇವರು ಆಡಿದಾಗ ಇನ್ನಷ್ಟು ನಂಬುತ್ತಿದ್ದ. ಅಂಥವರನ್ನು ಹಿಡಿಯುವುದು ಕಷ್ಟ.

ಸುಗಲಾಬಾಯಿಗೆ ಒಂದು ಸಂಶಯವಿತ್ತು. ಗುಡಿಯಲ್ಲಷ್ಟೇ ಅಲ್ಲ, ಹಟ್ಟಿಯಲ್ಲಿ ಬಗ್ಗಿ ಕುರಿಮರಿ ಎತ್ತುವಾಗಲೂ, ಮೇವಿನ ಹೊರೆಗೆ ಬಗ್ಗಿದಾಗಲೂ ಅದು ಬರುತ್ತಿತ್ತು. ಗಂಡನಿಗೆ ಹೇಳಿದಳು. ದೇವರಿಗೆ ಗುಡಿ ಯಾವುದು, ಹಟ್ಟಿ ಯಾವುದು ಎಂದು ಅವನು ಕೇಳಿದ. ಬಿರೋಬಾನನ್ನು ಆಕೆಯೂ ಹುಟ್ಟಿದಾಗಿನಿಂದ ನಂಬಿದವಳು. ಇರಬಹುದು ಎಂದುಕೊಂಡಳು. ಆ 'ಇರಬಹುದು' ಆಕೆಯ ಮಗಳನ್ನು ತಿಂದಿತು.

ಮಗಳು ಮನೀಷಾ ಹನ್ನೆರಡನೆಯದು ಪಾಸಾಗಿ ಸೊಲ್ಲಾಪುರದಲ್ಲಿ ನರ್ಸಿಂಗ್ ಕಲಿಯಲು ಸೀಟು ಹಿಡಿದಿದ್ದಳು. ಅದೇ ಹೊತ್ತಿಗೆ ಮಂದ್ರೂಪದಿಂದ ಸಂಬಂಧ ಬಂತು. ಹುಡುಗ ಓಂಕಾರ, ಕಬ್ಬಿನ ಹೊಲ, ದೂರದ ನೆಂಟಸ್ತನ. ಹುಡುಗಿ ಓದಲಿ ಎಂದು ಸುಗಲಾಬಾಯಿ ಒಲೆಯ ಮುಂದೆ ಕೂತು ಸ್ಪಷ್ಟವಾಗಿ ಹೇಳಿದಳು. ಅದು ಆಕೆಯ ಸ್ವಂತ ಬಾಯಿಯಿಂದ, ಸ್ವಂತ ಬುದ್ಧಿಯಿಂದ ಬಂದ ಮಾತು. ಬಿರೋಬಾನನ್ನೇ ಕೇಳೋಣ ಎಂದ ಸಿದ್ರಾಮ.

ಐತವಾರ ಬಾಗಿದಳು. ಅದು ಬಂತು. ಹಲ್ಲು ಕಚ್ಚಿ ನರಳಿದಳು. ಮೈಮೇಲೆ ಎಚ್ಚರ ಬರುವಷ್ಟರಲ್ಲಿ ತೆಂಗಿನಕಾಯಿ ಒಡೆದಿತ್ತು, ದೇವರು ಮದುವೆ ಅಂದಿದ್ದ. ನಾನು ಹಾಗೆ ಅಂದಿಲ್ಲ ಎಂದು ಸುಗಲಾಬಾಯಿ ಕೂಗಿದಳು.

"ನೀ ಅಂದಿಲ್ಲ. ಅಂವ ಅಂದಾನ," ಎಂದ ಸಿದ್ರಾಮ. "ನಿನಗ ಅದು ನೆನಪಿರಂಗಿಲ್ಲ."

ಇದಕ್ಕೆ ಯಾವ ಕೋರ್ಟಿನಲ್ಲಿ ತಕರಾರು ಹಾಕಬೇಕು? ಸಿಟ್ಟಿನಲ್ಲಿ ಆಕೆ ಬಾಯಿ ತೆರೆದಳು. ಎರಡನೆಯ ಮಾತಿಗೇ ಎದೆ ಬಡಿದುಕೊಳ್ಳತೊಡಗಿತು, ಕಣ್ಣು ಮಂಜಾಯಿತು, ಗೋಡೆ ಹಿಡಿದು ಕೂತುಬಿಟ್ಟಳು. ನೋಡ್ರಿ, ಬಿಪಿ, ಸಿಟ್ಟು ಬ್ಯಾಡ ಅಂದ್ರ ಕೇಳಂಗಿಲ್ಲ ಎಂದು ಸುತ್ತಲಿನವರು ನೀರು ಕೊಟ್ಟರು. ಆಕೆಯ ಜೀವನದ ದೊಡ್ಡ ಜಗಳಗಳೆಲ್ಲ ಹೀಗೆ ಎರಡನೆಯ ಮಾತಿಗೇ ನಿಂತುಹೋಗಿದ್ದವು.

ಮದುವೆಯಾಗಿ ಹೊರಡುವಾಗ ಮನೀಷಾ ಎಲ್ಲರ ಕೊರಳು ತಬ್ಬಿ ಅತ್ತಳು. ತಾಯಿಯ ಹತ್ತಿರ ಬಂದಾಗ ಕಣ್ಣೊರೆಸಿಕೊಂಡಳು.

"ನೀನಽ ಹೇಳಿದಿ, ಅವ್ವಾ," ಎಂದಳು.

ಅಷ್ಟೇ. ಆಮೇಲೆ ಫೋನಿಲ್ಲ, ಹಬ್ಬಕ್ಕೆ ಬರುವುದಿಲ್ಲ. ಬಂದರೂ ಅಪ್ಪನ ಜೊತೆ ಮಾತಾಡಿ, ಅಣ್ಣ ಅಮೋಲನ ಗಾಡಿಯಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿಬಿಡುತ್ತಿದ್ದಳು. ಇದು ಎಂಥ ನ್ಯಾಯ ನೋಡಿ. ಮದುವೆ ಮಾಡಿಸಿದ ಅಪ್ಪ ಒಳ್ಳೆಯವನಾಗಿಯೇ ಉಳಿದ, ಬೇಡವೆಂದ ತಾಯಿ ಮಗಳಿಗೆ ಬೇಡವಾದಳು.

ಆ ಮದುವೆಯ ನಂತರ ಕಾಯಿಲೆ ಹೆಚ್ಚಾಯಿತು. ಎದೆ ಬಡಿತ ತಡೆಯಲು ವಿಜಾಪುರ ರಸ್ತೆಯ ಡಾಕ್ಟರು ಇನ್ನೊಂದು ಗುಳಿಗೆ ಕೂಡಿಸಿದರು. ಅದನ್ನು ನುಂಗತೊಡಗಿದ ಮೇಲೆ ಒಂದು ಬೆಳಿಗ್ಗೆ ಹಟ್ಟಿಯಲ್ಲಿ ಮೇವಿನ ಬುಟ್ಟಿಗೆ ಬಗ್ಗಿದವಳು ಹಾಗೇ ಕುಸಿದಳು. ಹಿಂದೆಂದೂ ಬರದ ಹಾಗೆ ಬಂದಿತ್ತು. ಕಣ್ಣು ತೆರೆದೇ ಇತ್ತು, ಏನೂ ಕಾಣುತ್ತಿರಲಿಲ್ಲ. ಸಿದ್ರಾಮ ಭಂಡಾರ ತರಲು ಒಳಗೆ ಓಡಿದ. ಅಮೋಲ್ ಮಾತ್ರ ಅವ್ವನ ಮುಖ ನೋಡಿ ಹೆದರಿ, ಅಪ್ಪನನ್ನು ಕೇಳದೆ ಜೀಪು ತಂದು ಆಕೆಯನ್ನು ಸೊಲ್ಲಾಪುರದ ದೊಡ್ಡ ದವಾಖಾನೆಗೆ ಒಯ್ದ.

ಅಲ್ಲಿ ಆಕೆಯನ್ನು ನೋಡಿದವರು ಶೈಲಶ್ರೀ ಎಂಬ ಡಾಕ್ಟರು, ಅಕ್ಕಲಕೋಟೆ ಕಡೆಯ ರೈತರ ಮನೆಯವರು. ಸುಗಲಾಬಾಯಿ ನರಳಿದ್ದು ಕನ್ನಡದಲ್ಲಿ ಎಂದು ತಿಳಿದು ಕನ್ನಡದಲ್ಲೇ ಮಾತಾಡಿದರು. ಕಣ್ಣು ಮತ್ತೆ ಕಾಣತೊಡಗಿದ ಮೇಲೆ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಸಿಟ್ಟಿನ ಪ್ರಶ್ನೆ ಬರುತ್ತದೆಂದು ಸುಗಲಾಬಾಯಿ ಮುಖ ಬಿಗಿದುಕೊಂಡಳು.

"ಯಾವಾಗ ಬರತೈತಿ ಇದು?" ಎಂದು ಕೇಳಿದರು ಡಾಕ್ಟರು.

ಯಾವಾಗ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದೆಲ್ಲ, ಯಾಕೆ ಇಷ್ಟು ಸಿಡುಕುತ್ತಿ ಎಂದೇ, ಅದೂ ಉತ್ತರ ಬೇಡದ ದನಿಯಲ್ಲಿ.

"ಬಗ್ಗಿದಾಗರಿ," ಎಂದಳು ಸುಗಲಾಬಾಯಿ.

ಬಗ್ಗಿದಾಗ ಏನಾಗುತ್ತದೆ, ಬೆವರು ಬಿಸಿಯೋ ತಣ್ಣಗೋ, ಮುಖ ಕೆಂಪಾಗುತ್ತದೋ ಬಿಳುಪಾಗುತ್ತದೋ ಎಂದೆಲ್ಲ ಶೈಲಶ್ರೀ ಕೇಳಿಕೊಂಡರು. ಎದೆಯ ಗುಳಿಗೆಯನ್ನು ಅಂದೇ ನಿಲ್ಲಿಸಿದರು. ಈ ಕಾಯಿಲೆಗೆ ಅದೊಂದನ್ನೇ ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತೆ ಎಂದರು. ಒಂದಿಡೀ ಹಗಲು ರಾತ್ರಿಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿಸಿ ತಪಾಸಣೆಗೆ ಕಳಿಸಿದರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಫಲಿತಾಂಶ ಬಂದ ದಿನ ಸಿದ್ರಾಮನೂ ಬಂದು ಮಂಚದ ಕಾಲ ಹತ್ತಿರ ನಿಂತಿದ್ದ. ಡಾಕ್ಟರು ಅವನ ಕಡೆ ತಿರುಗಲಿಲ್ಲ, ಸುಗಲಾಬಾಯಿಗೇ ಹೇಳಿದರು.

"ಹಟ್ಟಿಗಿ ತೋಳ ಬಂದ್ರ ಮೈ ಹೆಂಗ ಆಗತೈತಿ ನಿಮಗ?"

ಸುಗಲಾಬಾಯಿಗೆ ಗೊತ್ತಿತ್ತು. ಎದೆ ಬಡಿಯುತ್ತದೆ, ಬೆವರು ಕಿತ್ತು ಬರುತ್ತದೆ, ಕೈಗೆ ಎಲ್ಲಿಲ್ಲದ ಬಲ ಬಂದು ಬಡಿಗೆ ಹುಡುಕುತ್ತದೆ.

"ಕಿಡ್ನಿ ತಲಿ ಮ್ಯಾಲ ಒಂದು ಸಣ್ಣ ಗ್ರಂಥಿ ಇರತೈತಿ. ತೋಳ ಬಂದಾಗ ರಕ್ತದಾಗ ಎದಿ ಬಡಿಸೂ ರಸ ಬಿಡೂದು ಅದಽ. ನಿಮ್ಮ ಬಲಗಡಿ ಗ್ರಂಥ್ಯಾಗ ಗಡ್ಡಿ ಬೆಳದೈತಿ. ತೋಳ ಇಲ್ಲದಽ ರಸ ಬಿಡಾಕತ್ತೈತಿ. ಬಗ್ಗಿ ಹೊಟ್ಟಿ ಒತ್ತಿದ್ರ ಇನ್ನೂ ಜೋರ್ ಬಿಡತೈತಿ. ಅದಕ್ಕಽ ಈ ಬಿಪಿ."

ಸುಗಲಾಬಾಯಿ ಬಲಗಡೆ ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಕೈಯಿಟ್ಟು ನೋಡಿಕೊಂಡಳು.

"ಅಂದ್ರ ಇದು ಸಿಟ್ಟಿನಿಂದ ಬಂದಿದ್ದಲ್ಲೇನರಿ?"

"ಅಲ್ಲ. ಸಿಟ್ಟಿನಿಂದ ಗಡ್ಡಿ ಬೆಳ್ಯಂಗಿಲ್ಲ."

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹೊಟ್ಟೆಗೆ ಬಿಗಿದ ದಟ್ಟಿ ನೆನಪಾಯಿತು. ತೊಡೆಯ ಒತ್ತು ನೆನಪಾಯಿತು. ಹಣೆ ಕಲ್ಲಿಗಿಟ್ಟು ತಾನು ಸಾಯುತ್ತಿದ್ದಾಗ ಬೆನ್ನ ಮೇಲೆ ಬಿದ್ದ ಅರಿಶಿನ ನೆನಪಾಯಿತು. ಹೊಟ್ಟೆ ಒತ್ತಿದರೆ ಕೂಗುವ ಗೊಂಬೆಯ ಹಾಗೆ ತನ್ನನ್ನು ಇವರು ಒತ್ತಿ ಒತ್ತಿ ಕೂಗಿಸಿದ್ದರು, ಆ ಕೂಗಿಗೆ ಮಗಳನ್ನು ಕೊಟ್ಟಿದ್ದರು. ಆಕೆ ಮಂಚದ ಕಾಲ ಹತ್ತಿರ ನಿಂತ ಗಂಡನನ್ನು ನೋಡಿದಳು. ಎದೆ ಏರಿತು, ತಲೆಯ ಬಳಿಯ ಯಂತ್ರ ಕೂಗಿಕೊಂಡಿತು, ನರ್ಸ್ ಓಡಿಬಂದಳು. ನೋಡಿ, ಎಂಥ ಗತಿ. ಸಿಟ್ಟಿಗೇಳಲು ಈಗ ಕೈಲಿ ನ್ಯಾಯವಿತ್ತು, ಏಳುವ ಮೈ ಇರಲಿಲ್ಲ. ಆಕೆ ಸಿಟ್ಟನ್ನು ಗಂಟು ಕಟ್ಟಿ ಒಳಗಿಟ್ಟಳು.

ಆಪರೇಶನ್ ಮಾಡಿ ಗಡ್ಡೆ ತೆಗೆದರೆ ಕಾಯಿಲೆಯೇ ಹೋಗುತ್ತದೆ ಎಂದರು ಶೈಲಶ್ರೀ. ಆದರೆ ಅದಕ್ಕೆ ಮೊದಲು ಎರಡು ವಾರ ರಕ್ತನಾಳ ಸಡಿಲಿಸುವ ಗುಳಿಗೆ ನುಂಗಬೇಕು. ನೀರು ಮಜ್ಜಿಗೆ ಚೆನ್ನಾಗಿ ಕುಡಿಯಬೇಕು. ಬಿಟ್ಟ ಉಪ್ಪನ್ನು ಮತ್ತೆ ತಿನ್ನಬೇಕು. ಅಲ್ಲಿಯವರೆಗೆ ಬಗ್ಗಕೂಡದು, ಭಾರ ಎತ್ತಕೂಡದು, ಹೊಟ್ಟೆಗೆ ಏನನ್ನೂ ಬಿಗಿಯಕೂಡದು. ಇನ್ನೊಂದು ಸಲ ಜೋರಾಗಿ ಬಂದರೆ ತಲೆಯಲ್ಲಿ ರಕ್ತನಾಳ ಒಡೆಯಬಹುದು, ಆಗ ಯಾರ ಕೈಲೂ ಏನೂ ಆಗುವುದಿಲ್ಲ.

ಎಲ್ಲವನ್ನೂ ಸಿದ್ರಾಮ ಕಿವಿಯಾರೆ ಕೇಳಿಸಿಕೊಂಡ. ಊರಿಗೆ ಬಂದ ಮೇಲೆ, ಕೌಲು ಕೇಳದೆ ಮೈಗೆ ಕತ್ತಿ ತಾಗಿಸುವಂತಿಲ್ಲ ಎಂದ.

ಕೌಲೆಂದರೆ ದೇವರ ಅಪ್ಪಣೆ. ಬಾಗಿ ಕೇಳಬೇಕು, ಮೈಮೇಲೆ ಬಂದು ಆತ ಹೂಂ ಅನ್ನಬೇಕು. ಬಿರೋಬಾ ಇರುವ ಮೈ ಇದು, ಕೇಳದೆ ಕೊಯ್ದರೆ ಆತ ಮನೆ ಬಿಟ್ಟು ಹೋಗುತ್ತಾನೆ, ಹಟ್ಟಿಗೆ ರೋಗ ಬಡಿಯುತ್ತದೆ ಎಂದು ಸಿದ್ರಾಮನ ಅಣ್ಣ ಸಿದ್ದಣ್ಣನೂ ಸೇರಿಕೊಂಡ. ಆತ ಹೂಂ ಅಂದರೆ ನಾನೇ ಹೆಗಲ ಮೇಲೆ ಹೊತ್ತು ದವಾಖಾನೆಗೆ ಒಯ್ಯುತ್ತೇನೆ ಎಂದ ಸಿದ್ರಾಮ. ಕಣ್ಣಲ್ಲಿ ನೀರೂ ಬಂತು ಅವನಿಗೆ. ಬಾಗಿದರೆ ಸಾಯುತ್ತೇನೆ ಎಂದು ಆಕೆ ಹೇಳಿದಳು. ಬಿರೋಬಾನ ಮುಂದೆ ಬಾಗಿ ಸತ್ತವರು ಯಾರಿದ್ದಾರೆ ಎಂದು ಅವರು ಕೇಳಿದರು. ಮೊದಲ ಸಾವು ನೀನೇ ಆಗಿ ತೋರಿಸು ಎಂದು ಕೇಳಿದ ಹಾಗಿತ್ತು ಅದು.

ಕೊನೆಗೆ ಅಮೋಲನೂ ಸೋತ. ಅವ್ವನನ್ನು ಜೀಪಿನಲ್ಲಿ ಒಯ್ದವನೇ ಒಲೆಯ ಹತ್ತಿರ ಬಂದು ಕೂತು, ಒಂದೇ ಸಲ ಬಗ್ಗಿಬಿಡು, ಇವರ ಬಾಯಿ ಮುಚ್ಚಲಿ, ಗುಳಿಗೆ ಮುಗಿದ ದಿನವೇ ಹೋಗೋಣ ಎಂದ. ಸುಗಲಾಬಾಯಿ ಅವನ ಮುಂದಿದ್ದ ರೊಟ್ಟಿಯ ತಟ್ಟೆಯನ್ನು ಎತ್ತಿಟ್ಟಳು. ಹಸಿದ ಮಗನ ಮುಂದಿನಿಂದ ತಾಯಿ ತಟ್ಟೆ ಎತ್ತಿಟ್ಟದ್ದು ಆ ಮನೆಯಲ್ಲಿ ಅದೇ ಮೊದಲು.

ಆದರೂ ಐತವಾರ ಆಕೆ ಗುಡಿಗೆ ಹೋದಳು. ಹೋಗದಿದ್ದರೆ ಬಿರೋಬಾನಿಗೆ ಹೆದರಿದಳು ಅನ್ನುತ್ತಿದ್ದರು. ಆಕೆಗೆ ಬಿರೋಬಾನ ಹೆದರಿಕೆ ಇರಲಿಲ್ಲ. ಆಕೆಯ ತಕರಾರು ಇದ್ದದ್ದು ನಡುವೆ ನಿಂತವರ ಮೇಲೆ.

ದಿನ್ನೆಯ ಮೇಲೆ ಜನ ಸೇರಿದ್ದರು. ಸಿದ್ರಾಮ ದಟ್ಟಿ ಹಿಡಿದು ಕಾಯುತ್ತಿದ್ದ. ಆಕೆ ದಟ್ಟಿ ಮುಟ್ಟದೆ ನೆಟ್ಟಗೆ ಒಳಗೆ ಹೋಗಿ, ಅರಿಶಿನ ಹತ್ತಿದ ಕಲ್ಲಿನ ಮುಂದೆ ನಿಂತು ಕೈ ಮುಗಿದಳು.

"ಬಿರೋಬಾ, ನಾ ದವಾಖಾನಿಗಿ ಹೊಂಟೀನಿ," ಎಂದಳು, ಹೊರಗಿನವರಿಗೂ ಕೇಳುವಂತೆ. "ಬಗ್ಗಿದ್ರ ಸಾಯ್ತೀನಂತ, ಅದಕ್ಕ ನಿಂತಽ ಕೇಳಾಕತ್ತೀನಿ. ಬ್ಯಾಡ ಅನ್ನೂದಿದ್ರ ಈಗ ಬಾ. ಹಿಂಗ ನಿಂತಾಕಿ ಮೈಮ್ಯಾಲ ಬಾ."

ಕಾದಳು. ಎಲ್ಲರೂ ಕಾದರು. ಕೆಳಗೆ ಯಾರದೋ ಕುರಿಯ ಕೊರಳ ಗಂಟೆ ಅಲುಗಿತು. ಎದೆ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಏನೂ ಬರಲಿಲ್ಲ.

ಬಾಗದೆ ಹೇಗೆ ಬರುತ್ತಾನೆ ಎಂದು ಸಿದ್ರಾಮ ಗೊಣಗಿದ. ಆಕೆ ತಿರುಗಿದಳು. ಗಂಟು ಕಟ್ಟಿಟ್ಟದ್ದು ಈಗ ಬಿಚ್ಚಿತು. ಆದರೆ ಗುಳಿಗೆಯ ಗುಣವೋ ಏನೋ, ಮೈ ಮಾತು ಕೇಳಿತು, ದನಿ ಏರಲಿಲ್ಲ.

"ಹಂಗಾರ ನೀ ಬಗ್ಗು."

ಸಿದ್ರಾಮನಿಗೆ ಅರ್ಥವಾಗಲಿಲ್ಲ.

"ಪೂಜಾರಿ ನೀನು. ಬಗ್ಗಿದವರ ಮೈಮ್ಯಾಲ ಬರತಾನಂದ್ರ ನಿನ್ನ ಮೈಮ್ಯಾಲನೂ ಬರಲಿ. ದಟ್ಟಿ ಕಟ್ಕೊ."

ಊರೆಲ್ಲ ನೋಡುತ್ತಿತ್ತು. ಪೂಜಾರಿಯಾದವನು ದೇವರಿಗೆ ಬಾಗುವುದಿಲ್ಲ ಅನ್ನಲಾರ. ಸಿದ್ರಾಮ ದಟ್ಟಿ ಸುತ್ತಿಕೊಂಡು, ಮೊಣಕಾಲು ಮಡಚಿ, ಹಣೆಯನ್ನು ಕಲ್ಲಿಗಿಟ್ಟ. ಭಂಡಾರದ ಬಟ್ಟಲನ್ನು ಸುಗಲಾಬಾಯಿ ಎತ್ತಿಕೊಂಡಳು. ಒಂದು ಹಿಡಿ ಅರಿಶಿನ ತುಂಬಿಕೊಂಡಳು. ಎರಚಲಿಲ್ಲ. 'ಏಳು' ಅನ್ನಲಿಲ್ಲ.

ಅವನು ಬಾಗಿಯೇ ಇದ್ದ. ಮೊದಲು ಜನ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಕಾಲು ಬದಲಿಸತೊಡಗಿದರು. ಸಿದ್ದಣ್ಣ ಗಂಟಲು ಸರಿಮಾಡಿಕೊಂಡು, ಸಾಕು ಮಾಡು ತಂಗಿ ಎಂದ. ಆಕೆ ಅವನ ಕಡೆ ನೋಡಲೂ ಇಲ್ಲ. ಸಿದ್ರಾಮನ ಬೆನ್ನು ನೋಯತೊಡಗಿದ್ದು ಹೊರಗಿನವರಿಗೂ ಕಾಣುತ್ತಿತ್ತು.

"ಏನಂದ ಬಿರೋಬಾ?" ಎಂದು ಆಕೆ ಕೇಳಿದಳು.

"ಏನೂ ಅಂದಿಲ್ಲ," ಎಂದ ಅವನು ಕೆಳಗಿನಿಂದ.

"ನಾ ಸಾಯಾಕತ್ತಿದ್ದೆ. ಆ ನರಳಾಟದಾಗ ಮನೀಷಾನ ಮದಿವಿ ಕೇಳಿಸ್ತು ನಿನಗ. ಈಗ ಏನ ಕೇಳಸ್ತೈತಿ, ಹೇಳು."

ಹಣೆ ಕಲ್ಲಿನ ಮೇಲಿತ್ತು, ಹೆಗಲು ಅಲುಗುತ್ತಿತ್ತು. ಅಳುತ್ತಿದ್ದನೋ, ಬರೀ ಕಾಲು ಜೋಮು ಹಿಡಿದಿತ್ತೋ, ಸುಗಲಾಬಾಯಿ ಬಗ್ಗಿ ನೋಡುವಂತಿರಲಿಲ್ಲ. ನೋಡಬೇಕೆಂದು ಅನಿಸಲೂ ಇಲ್ಲ. ಸಾಕೆನಿಸಿದಾಗ ಹಿಡಿ ಬಿಚ್ಚಿ ಅರಿಶಿನವನ್ನು ಅವನ ಬೆನ್ನ ಮೇಲೆ ಉದುರಿಸಿದಳು.

"ಏಳು," ಎಂದಳು.

ಮತ್ತೆ ಯಾರೂ ಕೌಲಿನ ಮಾತೆತ್ತಲಿಲ್ಲ. ಗುಳಿಗೆಯ ದಿನ ಮುಗಿದ ಮೇಲೆ ಅಮೋಲ್ ಜೀಪು ತಂದ, ಸಿದ್ರಾಮ ಹಿಂದಿನ ಸೀಟಿನಲ್ಲಿ ಬಂದು ಕೂತ. ಹೆಗಲ ಮೇಲೆ ಹೊರುವ ಮಾತು ಯಾರೂ ನೆನಪಿಸಲಿಲ್ಲ. ಗಡ್ಡೆಗೆ ಕೈ ತಾಗಿದಾಗ ಬಿಪಿ ಒಮ್ಮೆ ಆಕಾಶಕ್ಕೆ ಹಾರಿತ್ತಂತೆ, ಅದಕ್ಕೆ ತಯಾರಾಗಿಯೇ ಇದ್ದವರು ಇಳಿಸಿದರಂತೆ. ತೆಗೆದ ಗಡ್ಡೆಯನ್ನು ಶೈಲಶ್ರೀ ಬಾಟಲಿಯಲ್ಲಿ ಹಾಕಿ ಮನೆಯವರಿಗೆ ತೋರಿಸಿದರು, ದೊಡ್ಡ ನಿಂಬೆಹಣ್ಣಿನಷ್ಟಿತ್ತು. ಸಿದ್ರಾಮ ಅದನ್ನು ನೋಡುತ್ತ ನಿಂತವನು ಅರಿವಿಲ್ಲದೆ ಎರಡೂ ಕೈ ಎದೆಯವರೆಗೆ ತಂದ, ಆಮೇಲೆ ನಾಚಿ ಜೇಬಿನಲ್ಲಿಟ್ಟುಕೊಂಡ. ಅಮೋಲ್ ಇದನ್ನು ಹೇಳಿದಾಗ ಸುಗಲಾಬಾಯಿಗೆ ನಗು ಬಂತು. ಹೊಲಿಗೆ ಎಳೆಯಿತೆಂದು ನಿಲ್ಲಿಸಿದಳು. ನಗು ಬಂದಿತೆಂದು ಕ್ಷಮಿಸಿದಂತಾಗಲಿಲ್ಲ.

ಊರಿಗೆ ಬಂದ ಮೇಲೆ ಹೆಂಗಸರು ನೋಡಲು ಬಂದರು. ಗಡ್ಡೆ ಹೋಯಿತು, ಇನ್ನು ಸಿಟ್ಟೂ ಹೋಗುತ್ತದೆ, ತಣ್ಣಗಿರುತ್ತಿ ಬಿಡು ಎಂದರು. ಹೊಲಿಗೆ ಒಣಗಿದ ಮೇಲೆ ಒಂದು ಮುಂಜಾನೆ ಆಕೆ ಹಟ್ಟಿಯಲ್ಲಿ ಬಗ್ಗಿ ಕುರಿಮರಿಯೊಂದನ್ನು ಎತ್ತಿಕೊಂಡಳು. ಏನೂ ಏರಿ ಬರಲಿಲ್ಲ. ಮರಿಯನ್ನು ಕೆಳಗೆ ಬಿಟ್ಟು ಮತ್ತೆ ಬಗ್ಗಿದಳು, ಮತ್ತೆ ಎತ್ತಿದಳು. ಮರಿಗೆ ಬೇಸರ ಬಂತು, ಆಕೆಗೆ ಬರಲಿಲ್ಲ. ಆಮೇಲೆ ಮನೀಷಾ ಎಂದು ಮನಸ್ಸಿನಲ್ಲೇ ಒಮ್ಮೆ ಅಂದುಕೊಂಡಳು. ಸಿಟ್ಟು ಬಂತು. ಪೂರಾ ಬಂತು. ಎದೆ ಸ್ವಲ್ಪ ಜೋರಾಯಿತು, ಎಲ್ಲರದೂ ಆಗುವಷ್ಟು. ಕಣ್ಣು ಮಂಜಾಗಲಿಲ್ಲ, ಗೋಡೆ ಬೇಕಾಗಲಿಲ್ಲ. ಸಿಟ್ಟು ಗಡ್ಡೆಯದಾಗಿರಲಿಲ್ಲ, ತನ್ನದೇ ಆಗಿತ್ತು. ಗಡ್ಡೆ ಇಷ್ಟು ದಿನ ಮಾಡಿದ್ದೆಂದರೆ ಅದರ ಮಾತನ್ನು ಅರ್ಧಕ್ಕೆ ನುಂಗಿದ್ದು.

ಅಂದೇ ಬಸ್ಸು ಹತ್ತಿ, ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿ ಮಂದ್ರೂಪಕ್ಕೆ ಹೋದಳು.

ಮನೀಷಾ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಆಪರೇಶನ್ನಿನ ಸುದ್ದಿ ಆಕೆಗೆ ಅಣ್ಣನಿಂದ ತಿಳಿದಿತ್ತು, ನೋಡಲು ಬಂದಿರಲಿಲ್ಲ. ಬೀಗತಿ ಜನಾಬಾಯಿ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟಳು. ಅಳಿಯ ಓಂಕಾರ ಹೊರಸಿನ ಮೇಲೆ ಎದ್ದು ಕೂತ. ನೀರು ಕುಡಿದು ಸುಗಲಾಬಾಯಿ ಮಗಳಿಗೆ ಎಲ್ಲರ ಮುಂದೆಯೇ ಹೇಳಿದಳು.

"ನಾ ಮದಿವಿ ಅಂದಿದ್ದಿಲ್ಲ. ಬಿರೋಬಾನೂ ಅಂದಿದ್ದಿಲ್ಲ. ಹೊಟ್ಟ್ಯಾಗ ಗಡ್ಡಿ ಇತ್ತು, ಬಗ್ಗಿದಾಗ ಒತ್ತಿತು, ನಾ ನರಳಿದೆ. ಉಳಿದಿದ್ದು ನಿಮ್ಮಪ್ಪ ಅಂದಿದ್ದು."

ಮನೀಷಾ ಮೊರ ನಿಲ್ಲಿಸಿದಳು. ತಾಯಿಯನ್ನು ದಿಟ್ಟಿಸಿ ನೋಡಿದಳು. ಅವಳ ಮುಖ ಕೆಂಪೇರಿತು. ಈಗ ಹೇಳಲು ಬಂದೆಯಾ, ಸೀಟು ಹೋದ ಮೇಲೆ, ಎಲ್ಲ ಮುಗಿದ ಮೇಲೆ ಎಂದು ಮೊರವನ್ನು ನೆಲಕ್ಕೆ ಬಡಿದಳು. ಜೋಳವೆಲ್ಲ ಅಂಗಳದ ತುಂಬ ಚೆಲ್ಲಿತು. ಕೋಳಿಗಳು ಓಡಿ ಬಂದವು.

ಜನಾಬಾಯಿ ಹಣೆ ಚಚ್ಚಿಕೊಂಡಳು. ತಾಯಿಗೆ ತಕ್ಕ ಮಗಳು, ಮಾತಿಗೊಮ್ಮೆ ಸಿಟ್ಟು, ಇವಳಿಗೂ ಬಿಪಿ ತಪಾಸಣೆ ಮಾಡಿಸಬೇಕು ನಾಳೆಯೇ, ಎಂದು ಮಗನಿಗೆ ಹೇಳಿದಳು. ಓಂಕಾರ ತಲೆಯಾಡಿಸಿದ.

ಸುಗಲಾಬಾಯಿ ಲೋಟ ಕೆಳಗಿಟ್ಟಳು.

"ಆಕೀಗಿ ಬಿಪಿ ಇಲ್ಲರಿ," ಎಂದಳು. "ಆಕೀಗಿ ಸಿಟ್ಟು ಬಂದೈತಿ. ಯಾಕ ಅಂತ ಕೇಳ್ರಿ."

ಜನಾಬಾಯಿ ನಗಲು ನೋಡಿದಳು. ಬೀಗತಿಯ ಮುಖ ನೋಡಿ ನಗು ನಿಂತಿತು. ಸುಗಲಾಬಾಯಿ ಕಟ್ಟೆಯ ಮೇಲೆ ಕಾಲು ಮಡಚಿ ಸರಿಯಾಗಿ ಕೂತುಕೊಂಡಳು. ಕೇಳೂತನಕ ನಾ ಏಳಂಗಿಲ್ಲ ಎಂದಳು. ಕೋಳಿಗಳು ಜೋಳ ಹೆಕ್ಕುತ್ತಿದ್ದವು, ಯಾರೂ ಓಡಿಸಲಿಲ್ಲ. ಬಹಳ ಹೊತ್ತಿನ ಮೇಲೆ ಓಂಕಾರ ಹೊರಸಿನಿಂದ ಇಳಿದು ಬಂದ. ಹೆಂಡತಿಯ ಮುಂದೆ ನಿಂತ.

"ಯಾಕ?" ಎಂದು ಕೇಳಿದ.

ಮನೀಷಾ ಮೊದಲು ತಾಯಿಯ ಕಡೆ ನೋಡಿದಳು, ಆಮೇಲೆ ಗಂಡನ ಕಡೆ ತಿರುಗಿ ಹೇಳತೊಡಗಿದಳು.